ಎಷ್ಟು ದಣಿದರೆ ಅಷ್ಟು ನಿದ್ದೆ ಅನ್ನೋದು ಎಲ್ಲರಿಗೂ ಅಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಆರೋಗ್ಯ ಪುಟದಲ್ಲಿ ಈಚೆಗೆ ನಿದ್ದೆಯ ಬಗ್ಗೆ ಒಂದು ಲೇಖನ ಬಂದಿತ್ತು. ಚೆನ್ನಾಗಿತ್ತು. ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಮೈ ಎಷ್ಟು ದಣಿಯುತ್ತದೋ ರಾತ್ರಿ ಅಷ್ಟು ಒಳ್ಳೆಯ ನಿದ್ದೆ, ಅದಕ್ಕೇ ಸಂಜೆ ಬೆವರು ಇಳಿಯುವ ಹಾಗೆ ವ್ಯಾಯಾಮ ಮಾಡಿ ಎಂದು ಬರೆದಿದ್ದರು. ಬಹಳ ಜನಕ್ಕೆ ಅದು ಸರಿ ಇರಬಹುದು. ನಾನು ಹಾಗೆ ಮಾಡಿದರೆ ರಾತ್ರಿ ಎರಡರ ತನಕ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಬೇಕಾಗುತ್ತದೆ. ನನಗೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್, ಅಂದರೆ ಕೂತಾಗ, ಮಲಗಿದಾಗ ಕಾಲು ಸುಮ್ಮನಿರಲು ಬಿಡದ ಕಾಯಿಲೆ ಇದೆ.

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಮನೆಯಲ್ಲೇ ಹೊಲಿಗೆ ಇಟ್ಟುಕೊಂಡಿದ್ದೇನೆ. ಖಣದ ಕುಬಸದಿಂದ ಹಿಡಿದು ಮದುವೆ ಬ್ಲೌಸಿನ ತನಕ ಎಲ್ಲಾ ಹೊಲಿಯುತ್ತೇನೆ. ವಯಸ್ಸು 47. ಇಡೀ ದಿನ ಕೂತು ಮಾಡುವ ಕೆಲಸ. ಈ ಕಾಯಿಲೆಗೆ ಕೂತವರೇ ಬೇಕು.

ಹಗಲು ಏನೂ ಇರುವುದಿಲ್ಲ. ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಶುರುವಾಗುತ್ತದೆ. ಮೀನಖಂಡದ ಒಳಗೆ, ಚರ್ಮದ ಮೇಲಲ್ಲ, ಎಲುಬಿನ ಹತ್ತಿರ, ಇರುವೆ ಸಾಲು ಹರಿದ ಹಾಗೆ. ನೋವು ಅಂತ ಹೇಳಲಿಕ್ಕೆ ಬರುವುದಿಲ್ಲ. ನಡುರಾತ್ರಿ ಕಾಲು ಗಂಟು ಕಟ್ಟಿ ಹಿಡಿದುಕೊಳ್ಳುತ್ತದಲ್ಲ, ಅದೂ ಅಲ್ಲ. ಕಾಲು ಅಲ್ಲಾಡಿಸಬೇಕು ಅಷ್ಟೇ. ಅಲ್ಲಾಡಿಸಿದರೆ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ತಕ್ಷಣ ಹೋಗುತ್ತದೆ. ಮತ್ತೆ ಕೂತರೆ ಮತ್ತೆ ಬಂತು. ಕೂತಾಗ, ಮಲಗಿದಾಗ ಬರುವುದು, ಕಾಲಾಡಿಸಿದರೆ ಕಡಿಮೆಯಾಗುವುದು, ಸಂಜೆಯಿಂದ ರಾತ್ರಿಗೆ ಜಾಸ್ತಿಯಾಗುವುದು, ಡಾಕ್ಟರು ಗುರುತು ಹಿಡಿಯುವುದು ಇದರ ಮೇಲೆಯೇ. ಅದಕ್ಕೆ ಸ್ಕ್ಯಾನಿಂಗ್ ಬೇಕಿಲ್ಲ, ನಾವು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡರೆ ಸಾಕು.

ಕೇಳಿಸಿಕೊಳ್ಳುವವರು ಸಿಗುವುದೇ ಕಷ್ಟ ನೋಡಿ. ನಾನು ತೋರಿಸಿದ ಕಡೆಯಲ್ಲೆಲ್ಲ ಒಬ್ಬರು ಕ್ಯಾಲ್ಸಿಯಂ ಬರೆದರು, ಇನ್ನೊಬ್ಬರು ನರದ ಇಂಜೆಕ್ಷನ್ ಕೊಟ್ಟರು, ಮತ್ತೊಬ್ಬರು "ಟೆನ್ಶನ್ ತಗೋಬ್ಯಾಡ್ರಿ ಅಕ್ಕಾರ" ಅಂದು ಕಳಿಸಿದರು. ಮನೆಯಲ್ಲಿ ಅತ್ತೆಯವರದ್ದು ಬೇರೆ. ಕೂತಲ್ಲಿ ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರ ಬರುತ್ತದಂತೆ. ಅವರಿಗೆ ಬೇಜಾರಾಗಬಾರದು ಅಂತ ನಾನು ಅಡಿಗೆ ಮನೆಗೆ ಹೋಗಿ ನಿಂತುಕೊಂಡು ಅಲ್ಲಾಡಿಸುತ್ತಿದ್ದೆ.

ಇದು ಈಗಿನ ಕಾಲದ ಕಾಯಿಲೆ, ಮೊಬೈಲ್ ನೋಡಿ ನೋಡಿ ಬಂದದ್ದು ಅನ್ನುವವರೂ ಇದ್ದಾರೆ. ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯ 1672ರಲ್ಲೇ ಇದರ ಬಗ್ಗೆ ಬರೆದಿದ್ದಾನೆ. ಸ್ವೀಡನ್ನಿನ ಕಾರ್ಲ್ ಆಕ್ಸೆಲ್ ಎಕ್‌ಬೋಮ್ ಎಂಬ ನರರೋಗ ತಜ್ಞ 1945ರಲ್ಲಿ ವಿವರವಾಗಿ ದಾಖಲಿಸಿದ. ಅಷ್ಟೆಲ್ಲ ಹಿಂದೆ ಯಾಕೆ, ನಮ್ಮ ಅವ್ವನಿಗೂ ಇತ್ತು. ಈ ಕಾಯಿಲೆ ಮನೆತನದಲ್ಲಿ ಹರಿದು ಬರುವುದು ಜಾಸ್ತಿ.

ಅವ್ವನ ಸುದ್ದಿ ಹೇಳಲೇಬೇಕು. ಆ ಲೇಖನದ ಮಾತು ಯಾಕೆ ಸರಿ ಇಲ್ಲ ಎನ್ನುವುದು ಅಲ್ಲಿದೆ. ಅಣ್ಣಿಗೇರಿ ಕಡೆಯ ಎರಿ ಹೊಲದಲ್ಲಿ ಅವ್ವ ದುಡಿದವಳು. ಮೆಣಸಿನಕಾಯಿ ಬಿಡಿಸಲು ಬಗ್ಗಿದರೆ ಸಂಜೆಯ ತನಕ ಬಗ್ಗಿಯೇ ಇರಬೇಕು. ಕಡಲೆ ಕೀಳುವ ದಿನಗಳಲ್ಲಿ ಹೊಲಕ್ಕೆ ಹೋಗಿ ಬರುವ ನಡಿಗೆಯೇ ಎಷ್ಟಾಗುತ್ತಿತ್ತೋ. ಅವಳಷ್ಟು ದಣಿದವರನ್ನು ನಾನು ನೋಡಿಲ್ಲ. ಆದರೆ ಅಂಥ ಸುಗ್ಗಿ ದಿನಗಳಲ್ಲೇ ಅವಳ ಕಾಲು ಹೆಚ್ಚು ಕಾಡುತ್ತಿದ್ದವು. ರಾತ್ರಿ ನಮಗೆ ಎಚ್ಚರಾದರೆ ಅವಳು ಹಿತ್ತಲಲ್ಲಿ ನಡೆಯುತ್ತಿರುತ್ತಿದ್ದಳು. "ಕಾಲಾಗ ಏನೋ ಹರದಾಡ್ತದ, ನೀ ಮಲಕ್ಕೋ" ಅನ್ನುತ್ತಿದ್ದಳು. ದುಡಿಮೆಯಿಂದ ಈ ಕಾಯಿಲೆ ಹೋಗುವುದಾದರೆ ನಮ್ಮ ಹಳ್ಳಿಯ ಹೆಂಗಸರಿಗೆ ಯಾರಿಗೂ ಇರಬಾರದಿತ್ತು, ಅಲ್ವಾ?

ನನಗೆ ಮೊದಲು ಬಂದದ್ದು ಎರಡನೇ ಬಸಿರಿನಲ್ಲಿ, ಏಳು ತಿಂಗಳಾದ ಮೇಲೆ. ಹೆರಿಗೆಯಾದ ಮೇಲೆ ತಾನಾಗೇ ಹೋಯಿತು. ಬಹಳ ಬಸುರಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಹೀಗಾಗುತ್ತದಂತೆ. ನಲವತ್ತು ದಾಟಿದ ಮೇಲೆ ತಿಂಗಳ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗತೊಡಗಿತು. ಆಗ ತಿರುಗಿ ಬಂದದ್ದು ಹೋಗಲಿಲ್ಲ.

ಕೊನೆಗೆ ಒಬ್ಬ ನರರೋಗ ತಜ್ಞರು ಫೆರಿಟಿನ್ ಎಂಬ ರಕ್ತ ಪರೀಕ್ಷೆ ಬರೆದರು. ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಎಂದು ಅದು ತೋರಿಸುತ್ತದೆ. ನನ್ನ ಹಿಮೋಗ್ಲೋಬಿನ್ 12ರ ಮೇಲೆಯೇ ಇತ್ತು. ಅದಕ್ಕೇ ಯಾರೂ ಮುಂದೆ ನೋಡಿರಲಿಲ್ಲ. ಫೆರಿಟಿನ್ 19 ಬಂತು. ಲ್ಯಾಬಿನ ಚೀಟಿಯಲ್ಲಿ ಪಕ್ಕಕ್ಕೆ ಹೆಂಗಸರಿಗೆ 13ರಿಂದ 150 ಎಂದು ಅಚ್ಚಾಗಿತ್ತು. ಲೆಕ್ಕಕ್ಕೆ ನಾನು ನಾರ್ಮಲ್. ಚೀಟಿ ಕೊಟ್ಟ ಹುಡುಗಿ "ಎಲ್ಲಾ ಚಲೋ ಅದ ರಿ" ಅಂದಳು. ಡಾಕ್ಟರು ಮಾತ್ರ ತಲೆ ಅಲ್ಲಾಡಿಸಿದರು. ಈ ಕಾಯಿಲೆ ಇದ್ದವರಿಗೆ ಫೆರಿಟಿನ್ 75ರ ಆಚೆಗೆ ಇರಬೇಕು, ಅದರ ಒಳಗಿದ್ದರೆ ಕಬ್ಬಿಣಾಂಶ ಕೊಟ್ಟು ನೋಡಬೇಕು ಅಂದರು. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಾಗುವುದಕ್ಕೆ ಕಬ್ಬಿಣ ಬೇಕು. ನಮ್ಮ ಓಡಾಟದ ಹಿಡಿತ ಆ ಡೋಪಮೈನ್ ಕೈಯಲ್ಲಿದೆ. ಸಂಜೆಯಾದ ಹಾಗೆ ಅದು ಇಳಿಯುತ್ತದೆ. ಅದಕ್ಕೇ ದೀಪ ಹಚ್ಚುವ ಹೊತ್ತಿಗೆ ಶುರು. ಅಂದರೆ ಕಾಡುವುದು ಕಾಲಲ್ಲಾದರೂ ಬೇರು ತಲೆಯಲ್ಲಿದೆ. ಇಷ್ಟು ವರ್ಷ ಮೀನಖಂಡಕ್ಕೆ ಎಣ್ಣೆ ತಿಕ್ಕಿದ್ದೇ ಬಂತು.

ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಿದರು. ಹಾಗೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದಂತೆ, ಹೊಟ್ಟೆಯೂ ಕಮ್ಮಿ ಕೆಡುತ್ತದೆ. ಮಾತ್ರೆಯ ಜೊತೆ ಲಿಂಬೆ ಶರಬತ್ತು ಸರಿ, ಚಹಾ ಬೇಡ. ಊಟ ಆದ ಕೂಡಲೇ ಚಹಾ ಕುಡಿಯುವ ನಮ್ಮ ಹುಬ್ಬಳ್ಳಿ ಚಟ ಕಬ್ಬಿಣಾಂಶಕ್ಕೆ ಅಡ್ಡ ಬರುತ್ತದೆ ಎಂದು ಆಗಲೇ ನನಗೆ ಗೊತ್ತಾದದ್ದು. ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಮೆಂತ್ಯ ಪಲ್ಲೆ ಮೊದಲೂ ತಿನ್ನುತ್ತಿದ್ದೆ, ಈಗಲೂ ತಿನ್ನುತ್ತೇನೆ. ಒಳ್ಳೆಯದೇ. ಆದರೆ 19ರಿಂದ 75ಕ್ಕೆ ಬರೀ ಊಟದಿಂದ ಏರುವುದು ಕಷ್ಟ. ಪರೀಕ್ಷೆ ಮಾಡಿಸದೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದೂ ಬೇಡ, ಮೈಯಲ್ಲಿ ಕಬ್ಬಿಣ ಜಾಸ್ತಿಯಾದರೆ ಅದು ಬೇರೆಯೇ ರಗಳೆ.

ಕೆಲವು ತಿಂಗಳಾದ ಮೇಲೆ ಅರ್ಧ ಭಾರ ಇಳಿಯಿತು. ಉಳಿದರ್ಧಕ್ಕೆ ವ್ಯಾಯಾಮ. ಈ ಪತ್ರ ಬರೆಯಲು ಕೂತದ್ದೇ ಅದಕ್ಕಾಗಿ.

ನನ್ನ ತಂಗಿಯ ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳೆ. 2006ರಲ್ಲಿ ಅಮೆರಿಕದಲ್ಲಿ ಮಾಡಿದ ಒಂದು ಸಣ್ಣ ಪ್ರಯೋಗದ ಬಗ್ಗೆ ಅವಳೇ ಹೇಳಿದಳು. ಈ ಕಾಯಿಲೆ ಇದ್ದವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ದಿನ ಟ್ರೆಡ್‌ಮಿಲ್ ನಡಿಗೆ ಮತ್ತು ಕಾಲಿಗೆ ಬಲ ಬರುವ ವ್ಯಾಯಾಮ ಕೊಟ್ಟರು. 12 ವಾರ. ಆರನೇ ವಾರದ ಹೊತ್ತಿಗೇ ವ್ಯಾಯಾಮದ ಗುಂಪಿನವರ ತೊಂದರೆ ಗೊತ್ತಾಗುವಷ್ಟು ಇಳಿದಿತ್ತು, ಕೊನೆಯ ತನಕ ಹಾಗೇ ಉಳಿಯಿತು. ಕಿಡ್ನಿ ಹೋದವರಿಗೆ ಈ ಕಾಲಿನ ಕಾಟ ಬಹಳ. ಗ್ರೀಸ್ ದೇಶದಲ್ಲಿ ಡಯಾಲಿಸಿಸ್ ನಡೆಯುವಾಗಲೇ ಅವರಿಂದ ಪೆಡಲ್ ತುಳಿಸಿ ನೋಡಿದರು. ಅವರಿಗೂ ಕಡಿಮೆಯಾಯಿತು.

ಪೆಡಲ್ ಅಂದ ಕೂಡಲೇ ನನ್ನ ಮಶೀನು ನೆನಪಾಯಿತು. ಮೊದಲು ನನ್ನದು ಕಾಲಿನ ಮಶೀನು. ಹಿಮ್ಮಡಿ ಒಮ್ಮೆ, ಬೆರಳು ಒಮ್ಮೆ, ಇಡೀ ದಿನ ಎರಡೂ ಕಾಲು ತುಳಿಯುತ್ತಿರಬೇಕು. ಆಮೇಲೆ ಮೋಟಾರ್ ಕೂರಿಸಿದೆವು. ಈಗ ಬಲಗಾಲಿನ ತುದಿಯಿಂದ ಸುಮ್ನೆ ಒತ್ತಿದರೆ ಸಾಕು, ಎಡಗಾಲಿಗೆ ಕೆಲಸವೇ ಇಲ್ಲ. ಕೆಲಸ ಬೇಗ ಆಗುತ್ತದೆ, ಅದನ್ನು ಬೈಯುವುದಿಲ್ಲ. ಮೋಟಾರಿನಿಂದಲೇ ಕಾಯಿಲೆ ಬಂತು ಅಂತಲೂ ಅಲ್ಲ. ಆದರೆ ಕಾಲಿಗೆ ದಿನವೂ ಸಿಗುತ್ತಿದ್ದ ಹದವಾದ ಕೆಲಸ ನಿಂತು ಹೋಯಿತು ಅನ್ನುವುದಂತೂ ಖರೆ.

ಹದ ಅನ್ನುವುದೇ ಇಲ್ಲಿ ಮುಖ್ಯ. ತೋಳನಕೆರೆಯ ಸುತ್ತ ಸಂಜೆ ಐದರ ಸುಮಾರಿಗೆ ಅರ್ಧ ಗಂಟೆ ಬೀಸು ನಡಿಗೆ ನಡೆದು ಬಂದರೆ ಆ ರಾತ್ರಿ ಕಾಲು ಸುಮ್ಮನಿರುತ್ತವೆ, ಅಥವಾ ಬಹಳ ಕಡಿಮೆ ಮಾತಾಡುತ್ತವೆ. ಗೆಳತಿಯರ ಜೊತೆ ನೃಪತುಂಗ ಬೆಟ್ಟ ಹತ್ತಿ ಇಳಿದು, ಅದು ಸಾಲದೆಂದು ಮತ್ತೊಮ್ಮೆ ಹತ್ತಿದ ದಿನ ರಾತ್ರಿ ಶಿವರಾತ್ರಿ. ಒಮ್ಮೆ ಬಡಾವಣೆಯ ಹೆಂಗಸರೆಲ್ಲ ಸೇರಿ ರಾತ್ರಿ ಎಂಟಕ್ಕೆ ಝುಂಬಾ ಕ್ಲಾಸ್ ಹಚ್ಚಿದೆವು. ಹಾಡು ಚಂದ, ನಗು ಚಂದ, ಟೀಚರೂ ಒಳ್ಳೆಯವಳು. ಹನ್ನೊಂದಕ್ಕೆ ಹಾಸಿಗೆಗೆ ಬಂದರೆ ಮೀನಖಂಡದಲ್ಲಿ ಕುಣಿತ ಇನ್ನೂ ನಡೆದೇ ಇದೆ. ಉಳಿದವರೆಲ್ಲ ಗೊರಕೆ ಹೊಡೆದು ಮಲಗಿದರಂತೆ. ನಿಮ್ಮ ಲೇಖನ ಅವರಿಗೆ ಸರಿ.

ತಂಗಿಯ ಮಗಳು ಹೇಳಿದ್ದೂ ಅದನ್ನೇ. "ದೊಡ್ಡವ್ವ, ಒಂದ ದಿನ ಭಾಳ ಮಾಡಿ ನಾಲ್ಕ ದಿನ ಬಿಡಬ್ಯಾಡ. ಮಲಗೂ ಮುಂದ ಅಂತೂ ಬ್ಯಾಡೇ ಬ್ಯಾಡ." ಅವಳು ಕಲಿಸಿದ್ದು ಸೋವಿ ವ್ಯಾಯಾಮ, ಯಾವ ಸಾಮಾನೂ ಬೇಕಿಲ್ಲ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು. ಮೆಟ್ಟಿಲಿನ ಅಂಚಿನಲ್ಲಿ ಕಂಬ ಹಿಡಿದು ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಇವೆರಡು ವಾರಕ್ಕೆ ಮೂರು ದಿನ. ಗೋಡೆಗೆ ಎರಡೂ ಕೈ ಕೊಟ್ಟು, ಒಂದು ಕಾಲು ಹಿಂದೆ ಇಟ್ಟು, ಹಿಮ್ಮಡಿ ಎತ್ತದೆ ಮೀನಖಂಡ ಜಗ್ಗುವುದು ಮಾತ್ರ ದಿನವೂ, ಮಲಗುವ ಮುಂಚೆ. ಜಗ್ಗುವುದಕ್ಕೆ ದಣಿವಿಲ್ಲ, ಆದ್ದರಿಂದ ರಾತ್ರಿಗೂ ನಡೆಯುತ್ತದೆ. ಮೊದಲ ವಾರ ನನಗೇನೂ ಫರಕು ಕಾಣಲಿಲ್ಲ. ಬಿಡಬೇಕು ಅನಿಸಿತು, ಅವಳ ಕಾಟಕ್ಕೆ ಬಿಡಲಿಲ್ಲ. ಒಂದು ತಿಂಗಳು ದಾಟಿದ ಮೇಲೆ ಒಂದು ದಿನ ಮನೆಯವರೇ ಹೇಳಿದರು, "ಈಗೀಗ ನೀ ರಾತ್ರಿ ಒದಿಯೂದು ಕಡಿಮಿ ಆಗ್ಯದ" ಅಂತ. ನಿದ್ದೆಯಲ್ಲೂ ಕಾಲು ಝಾಡಿಸುವುದು ಈ ಕಾಯಿಲೆ ಇದ್ದ ಬಹಳ ಜನರಿಗೆ ಇರುತ್ತದೆ. ನಮಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತು.

ಊರಿಗೆ ಹೋದಾಗ, ಮದುವೆ ಗದ್ದಲದಲ್ಲಿ ಒಂದು ವಾರ ತಪ್ಪಿದರೆ ಕಾಲು ಲೆಕ್ಕ ಕೇಳುತ್ತವೆ. ಮತ್ತೆ ಶುರು ಮಾಡಬೇಕು. ವ್ಯಾಯಾಮದಿಂದ ಕಾಯಿಲೆ ಹೋಯಿತು ಅಂತ ನಾನು ಹೇಳುತ್ತಿಲ್ಲ. ಅದು ಇದೆ. ಕಬ್ಬಿಣಾಂಶ ತಳಕ್ಕಿಳಿದಿದ್ದಾಗ ಇದೇ ತೋಳನಕೆರೆಯನ್ನು ಎಷ್ಟು ಸುತ್ತಿದರೂ ಉಪಯೋಗ ಆಗಿರಲಿಲ್ಲ. ಅವ್ವನ ಫೆರಿಟಿನ್ ಎಷ್ಟಿತ್ತೋ ಯಾರಿಗೆ ಗೊತ್ತು, ಆಗ ಯಾರೂ ನೋಡಿರಲಿಲ್ಲ.

ಕೆಲಸದ ಹೊತ್ತನ್ನೂ ತಿರುಗಾಮುರುಗಾ ಮಾಡಿದ್ದೇನೆ. ಇದು ಬೇರೆ ಟೇಲರ್ ಅಕ್ಕಂದಿರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತೇನೆ. ಹುಕ್ಕು ಹಾಕುವ ಕೆಲಸ ಗೊತ್ತಲ್ಲ. ಬ್ಲೌಸು ತೊಡೆಯ ಮೇಲೆ ಹರವಿಕೊಂಡು, ಸೂಜಿಗೆ ಎರಡೆಳೆ ದಾರ ಪೋಣಿಸಿ, ಹುಕ್ಕಿನ ಎರಡೂ ಕಿವಿಗೆ ಸುತ್ತು ಹಾಕಿ, ಕೊರಳ ಹತ್ತಿರ ಒಮ್ಮೆ ಬಿಗಿದು ಗಂಟು ಕಟ್ಟಬೇಕು. ಇನ್ನೊಂದು ಪಟ್ಟಿಗೆ ದಾರದ ಕಾಜ ಮಾಡಬೇಕು. ಕಾಲು ಒಂದಿಷ್ಟೂ ಅಲುಗಬಾರದು. ಇದನ್ನು ನಾವೆಲ್ಲ ಸಂಜೆಗೇ ಇಟ್ಟುಕೊಳ್ಳುತ್ತೇವೆ, ಟಿವಿ ನೋಡುತ್ತ ಕೈ ಓಡುತ್ತದೆ ಅಂತ. ನನಗೆ ನಾಲ್ಕನೇ ಹುಕ್ಕಿಗೆ ಬರುವಷ್ಟರಲ್ಲಿ ಕಾಲು ತಡೆಯಲಾಗುತ್ತಿರಲಿಲ್ಲ. ಬಿಗಿ ಹಿಡಿದು ಕೂತರೆ ಅದೇ ಒಮ್ಮೆ ಜಗ್ಗುತ್ತಿತ್ತು, ಸೂಜಿ ಸೀದಾ ಹೆಬ್ಬೆರಳಿಗೆ. ಗಿರಾಕಿಯ ರೇಷ್ಮೆ ಬ್ಲೌಸಿಗೆ ರಕ್ತದ ಚುಕ್ಕೆ ಬಿದ್ದರೆ ಯಾರು ಸುಮ್ಮನಿರುತ್ತಾರೆ? ಈಗ ಹುಕ್ಕು, ಹೆಮ್ಮಿಂಗ್ ಎಲ್ಲಾ ಬೆಳಿಗ್ಗೆ. ಆಗ ಕಾಲು ಶಾಂತ. ಕಟಿಂಗ್ ಸಂಜೆಗೆ, ಎತ್ತರದ ಮೇಜಿನ ಮೇಲೆ, ನಿಂತುಕೊಂಡು. ಅಳತೆ ಲೆಕ್ಕ ಹಾಕುತ್ತಾ ತಲೆ ಕೆಲಸದಲ್ಲಿ ಮುಳುಗಿದ್ದರೂ ಕಾಲಿನ ಕಾಟ ಕಡಿಮೆ. ಅದೂ ಈ ಕಾಯಿಲೆಯ ಒಂದು ಗುಣ. ದೀಪಾವಳಿ ಮುಂದೆ ರಾತ್ರಿ ಹನ್ನೊಂದರ ತನಕ ಮಶೀನಿಗೆ ಕೂರುವುದನ್ನು ಮಾತ್ರ ಇನ್ನೂ ತಪ್ಪಿಸಲಾಗಿಲ್ಲ. ಹೊಟ್ಟೆಪಾಡು.

ಪ್ರಯಾಣದ್ದು ದೊಡ್ಡ ಕಥೆ, ಚಿಕ್ಕದಾಗಿ ಹೇಳುತ್ತೇನೆ. ಧಾರವಾಡಕ್ಕೆ ತಂಗಿಯ ಮನೆಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಹೋಗುತ್ತೇನೆ. ಕೂತವರು ಪಾಪ ಎದ್ದು ಜಾಗ ಕೊಡಲು ಬರುತ್ತಾರೆ, ಅವರಿಗೆ ಹೇಳಿ ಹೇಳಿ ಸಾಕಾಗಿದೆ. ಬೆಂಗಳೂರಿಗೆ ರಾತ್ರಿ ಬಸ್ಸು ನನ್ನಿಂದ ಆಗದು. ರೈಲು ವಾಸಿ, ಬೋಗಿಯ ನಡುವಿನ ದಾರಿಯಲ್ಲಿ ತಿರುಗಾಡಬಹುದು. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅಷ್ಟುದ್ದ ಯಾಕೆ ಬೇಕಿತ್ತು ಅಂತ ಬಹಳ ಜನ ಕೇಳಿದ್ದರು. ನನಗೇನೋ ಉಪಯೋಗವಾಗಿದೆ. ಆ ತುದಿಗೆ ಹೋಗಿ ಬಂದರೆ ಮೂರು ಕಿಲೋಮೀಟರ್, ಅಷ್ಟು ನಡೆದು ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ದಾವಣಗೆರೆ ತನಕವಾದರೂ ನಿದ್ದೆ ಹತ್ತುತ್ತದೆ.

ಇನ್ನೆರಡು ಸಣ್ಣ ವಿಷಯ. ನೆಗಡಿಗೆ, ತುರಿಕೆಗೆ ಕೊಡುವ ನಿದ್ದೆ ಬರಿಸುವಂಥ ಅಲರ್ಜಿ ಮಾತ್ರೆಗಳು, ವಾಂತಿ ನಿಲ್ಲಿಸುವ ಕೆಲವು ಮಾತ್ರೆಗಳು ಈ ಕಾಯಿಲೆಯನ್ನು ಕೆರಳಿಸುತ್ತವೆ. ನಿದ್ದೆ ಬರಲಿ ಅಂತ ತೆಗೆದುಕೊಂಡ ಮಾತ್ರೆಯೇ ನಿದ್ದೆ ಕೆಡಿಸುತ್ತದೆ. ಔಷಧ ಅಂಗಡಿಯಲ್ಲಿ ಕೇಳುವಾಗ ನಿಮಗೆ ಈ ತೊಂದರೆ ಇದೆ ಅಂತ ಮೊದಲೇ ಹೇಳಿ. ಇನ್ನೊಂದು, ಕಬ್ಬಿಣಾಂಶ, ವ್ಯಾಯಾಮ ಎರಡರಿಂದಲೂ ತಾಳಲಾಗದಷ್ಟು ಇದ್ದವರಿಗೆ ಬೇರೆ ಔಷಧಗಳಿವೆ. ಅವುಗಳಲ್ಲಿ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಥರದವು ಶುರುವಿನಲ್ಲಿ ಬಹಳ ಹಿತ ಅನಿಸಿದರೂ ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಿಗೆ ತೊಂದರೆ ಮಧ್ಯಾಹ್ನಕ್ಕೇ ಶುರುವಾಗುವುದು, ಕೈಗೂ ಹಬ್ಬುವುದು ಉಂಟು. ಹಾಗಾಗುತ್ತಿದ್ದರೆ ತಾವೇ ಡೋಸ್ ಏರಿಸಿಕೊಳ್ಳದೆ, ಒಮ್ಮೆಗೇ ನಿಲ್ಲಿಸದೆ, ಬರೆದ ಡಾಕ್ಟರ ಹತ್ತಿರ ಹೋಗಬೇಕು.

ಈಗ ನನ್ನ ಬೇಡಿಕೆ. ಮಹಿಳೆಯರ ಆರೋಗ್ಯ ಶಿಬಿರ ಅಂತ ನಮ್ಮಲ್ಲಿ ಬಹಳ ನಡೆಯುತ್ತವೆ. ಬಿಪಿ, ಶುಗರ್, ಹಿಮೋಗ್ಲೋಬಿನ್ ನೋಡಿ ಕಳಿಸುತ್ತಾರೆ. ಸಾಲಿನಲ್ಲಿ ನಿಂತ ಹೆಂಗಸರಿಗೆ "ರಾತ್ರಿ ಕಾಲು ಸುಮ್ನಿರ್ತಾವೇನ್ರಿ?" ಅಂತ ಒಂದು ಪ್ರಶ್ನೆ ಕೇಳಲಿ. ಇಲ್ಲ ಅಂದವರಿಗೆ ಫೆರಿಟಿನ್ ಬರೆಯಲಿ. ಎಲ್ಲರಿಗೂ ಮಾಡಿ ಅನ್ನುತ್ತಿಲ್ಲ, ದುಡ್ಡು ಬೀಳುತ್ತದೆ, ನನಗೂ ಗೊತ್ತು. ಗಂಡಸರಿಗಿಂತ ಹೆಂಗಸರಿಗೆ ಈ ಕಾಯಿಲೆ ಸುಮಾರು ಎರಡು ಪಟ್ಟು. ಮುಟ್ಟು, ಬಸಿರು, ಬಾಣಂತನದಲ್ಲಿ ಕಬ್ಬಿಣ ಕಳೆದುಕೊಳ್ಳುವವರೂ ನಾವೇ.

ಎರಡನೆಯದು ಜಾಗದ ಪ್ರಶ್ನೆ. ತೋಳನಕೆರೆ, ಉಣಕಲ್ ಕೆರೆ ಎಲ್ಲರ ಮನೆಗೂ ಹತ್ತಿರ ಇಲ್ಲ. ಬಡಾವಣೆಗಳಲ್ಲಿರುವ ಮೈದಾನ, ಉದ್ಯಾನಗಳಲ್ಲಿ ಕೆಲವು ಬೆಳಗಿನ ವಾಕಿಂಗ್‌ನವರಿಗಾಗಿ ತೆರೆದು ಆಮೇಲೆ ಬೀಗ ಬೀಳುತ್ತವೆ. ಬೆಳಿಗ್ಗೆ ಡಬ್ಬಿ ಕಟ್ಟುವ ಹೆಂಗಸಿಗೆ ವಾಕಿಂಗ್ ಎಲ್ಲಿಂದ ಬರಬೇಕು? ನಮಗೆ ಬಿಡುವು ಸಿಗುವುದು ಸಂಜೆ, ರಾತ್ರಿ ಅಡಿಗೆ ಶುರುವಾಗುವುದಕ್ಕೆ ಮೊದಲು. ಈ ಕಾಯಿಲೆಗೂ ಆ ಹೊತ್ತೇ ಸರಿ. ಸಂಜೆ ಐದರಿಂದ ಏಳರ ತನಕ ಗೇಟು ತೆರೆದಿರಲಿ. ಚಳಿಗಾಲದಲ್ಲಿ ಆರಕ್ಕೇ ಕತ್ತಲಾಗುತ್ತದೆ, ಅಷ್ಟು ದಿನ ಎರಡು ದೀಪ ಉರಿಯಲಿ. ನಮ್ಮ ಓಣಿಯ ಹೆಂಗಸರು ಸಹಿ ಮಾಡಿದ ಅರ್ಜಿ ತಯಾರಿದೆ, ಬರುವ ಸೋಮವಾರ ಕೊಡುತ್ತೇವೆ. ಬೇರೆ ಬಡಾವಣೆಯವರೂ ತಮ್ಮ ತಮ್ಮ ವಾರ್ಡಿನಲ್ಲಿ ಕೊಟ್ಟರೆ ನಮ್ಮದಕ್ಕೂ ಬಲ ಬರುತ್ತದೆ.

ಇತಿ,
ಒಬ್ಬ ಟೇಲರ್,
ಗೋಕುಲ ರಸ್ತೆ, ಹುಬ್ಬಳ್ಳಿ